ಜೈತುನ್‌ಬಿಯ ಎಂಟು ತಿಂಗಳು

ನಡುಗುವ ಕೈಯನ್ನು ನಿಲ್ಲಿಸುವ ಕೈಗವಸೊಂದು ಸಿಕ್ಕರೆ ಮನುಷ್ಯ ಮೊದಲು ಏನು ಮಾಡುತ್ತಾನೆ? ಸಹಿ ಹಾಕುತ್ತಾನೆ, ಸೂಜಿಗೆ ದಾರ ಪೋಣಿಸುತ್ತಾನೆ, ತನ್ನ ಗಡ್ಡ ತಾನೇ ಕೆರೆದುಕೊಳ್ಳುತ್ತಾನೆ ಎಂದೆಲ್ಲ ನಾವು ಊಹೆ ಮಾಡಿದ್ದೆವು. ಎಲ್ಲ ತಪ್ಪು. ನಾನು ನೋಡಿದವರೆಲ್ಲ ಮೊದಲು ಮಾಡಿದ್ದು ಒಂದೇ ಕೆಲಸ: ಬಾಗಿಲು ಮುಂದೆ ಮಾಡಿಕೊಂಡು, ಒಬ್ಬರೇ ಕೂತು, ಹೊಟ್ಟೆ ತುಂಬ ಉಂಡರು. ನನ್ನ ಅವ್ವನೂ ಅಷ್ಟೇ. ಮೂವತ್ತೊಂದು ವರ್ಷ ಸರ್ಕಾರಿ ನರ್ಸ್ ಆಗಿ ಸಾವಿರಾರು ಕೂಸುಗಳ ತೊಡೆಗೆ ಸೂಜಿ ಚುಚ್ಚಿದ ಕೈ ಅದು. ನಡುಕದ ಕಾಯಿಲೆ ಹತ್ತಿ ಎರಡು ವರ್ಷದಿಂದ ಅದರಲ್ಲಿ ತುತ್ತು ನಿಲ್ಲುತ್ತಿರಲಿಲ್ಲ. ನಾನು ಉಣಿಸಲು ಹೋದರೆ ಬಾಯಿ ಬಿಗಿ ಹಿಡಿಯುತ್ತಿದ್ದಳು. ಕೈಗವಸು ಬಂದ ದಿನ ಅಡುಗೆಮನೆ ಸೇರಿದವಳು ಒಂದು ಗಂಟೆ ಹೊರಗೆ ಬರಲಿಲ್ಲ. ಬಂದಾಗ ತಾಟನ್ನೂ ತೊಳೆದಿಟ್ಟೇ ಬಂದಿದ್ದಳು.

ಆ ಕೈಗವಸಿನ ಹೆಸರು ‘ಸ್ಥಿಮಿತ’. ಅದು ಕೆಲಸ ಮಾಡುವ ಬಗೆ ಹೇಳಲು ಸುಲಭ, ಮಾಡಲು ಕಷ್ಟ. ಕೈ ನಡುಗುವುದಕ್ಕೆ ಸ್ವಲ್ಪ ಮೊದಲೇ ಮುಂಗೈಯ ಸ್ನಾಯುಗಳಲ್ಲಿ ಅದರ ಸುಳಿವು ಸಿಗುತ್ತದೆ. ಕೈಗವಸು ಆ ಸುಳಿವು ಹಿಡಿದು, ನಡುಕ ಯಾವ ಕಡೆಗೆ ಎಳೆಯಲಿದೆಯೋ ಅದರ ಎದುರು ಕಡೆಗೆ ಅಷ್ಟೇ ಬಲದಿಂದ ಎಳೆಯುತ್ತದೆ. ಎರಡೂ ಕೂಡಿ ಸೊನ್ನೆಯಾಗಿ ಕೈ ನಿಲ್ಲುತ್ತದೆ. ಆದರೆ ಎಳೆತ ಒಂದು ಕ್ಷಣ ಹಿಂದುಮುಂದಾದರೂ ನಡುಕ ಇಮ್ಮಡಿಯಾಗುತ್ತದೆ. ಒಬ್ಬರ ನಡುಕ ಇನ್ನೊಬ್ಬರದರಂತೆ ಇರುವುದಿಲ್ಲವಾದ್ದರಿಂದ ಕೈಗೊಂದು ಫೈಲು. ಕಾಯಿಲೆ ಬೆಳೆದಂತೆ ನಡುಕವೂ ಬದಲಾಗುವುದರಿಂದ ಆ ಫೈಲನ್ನು ತಿದ್ದುತ್ತಲೇ ಇರಬೇಕು. ಕೊನೆಗೆ ಎಷ್ಟೋ ಜನರ ಕೈ ನಡುಗುವುದನ್ನೇ ಬಿಟ್ಟು ಸೆಟೆದುಕೊಳ್ಳುತ್ತದೆ. ಸೆಟೆದ ಕೈಗೆ ನಮ್ಮ ಕೈಗವಸಿನಿಂದ ಏನೂ ಪ್ರಯೋಜನವಿಲ್ಲ. ನಾವು ಕೊಡಬಹುದಾಗಿದ್ದದ್ದು ನಡುವಿನ ಒಂದಷ್ಟು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ. ತಮ್ಮ ಕೈಯಿಂದ ತಾವು ಉಣ್ಣುವ ತಿಂಗಳುಗಳು.

ಇದರ ತಂತ್ರಾಂಶವನ್ನು ಯಾವ ಕಂಪನಿಯೂ ಬರೆದಿರಲಿಲ್ಲ. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ಬರೆದವರು ನಮ್ಮಂಥವರೇ: ಹಗಲೆಲ್ಲ ಬೇರೆ ನೌಕರಿ ಮಾಡಿ, ಬಿಡುವಿನಲ್ಲಿ ಇದಕ್ಕೆ ಕೂರುತ್ತಿದ್ದ ಸ್ವಯಂಸೇವಕರು. ನಾನು ಆಗ ಒಂದು ವಿಮಾ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಹುಬ್ಬಳ್ಳಿಯ ಒಂದು ಸ್ಪೇರ್‌ಪಾರ್ಟ್ಸ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಶುರು ಮಾಡಿದ್ದು, ಐದು ವರ್ಷದಲ್ಲಿ ದೇಶ ವಿದೇಶದ ಮುನ್ನೂರು ಜನ ಸ್ವಯಂಸೇವಕರಿಗೆ ಬಂದು ಮುಟ್ಟಿತ್ತು.

ನಮ್ಮಲ್ಲಿ ಎರಡು ಕಟ್ಟಳೆ ಇದ್ದವು. ಒಂದು, ಲೋಟದ ಪರೀಕ್ಷೆ. ಪ್ರತಿಯೊಬ್ಬ ಸ್ವಯಂಸೇವಕನಿಗೂ ಒಂದೆರಡು ಕೈಗಳ ಜವಾಬ್ದಾರಿ. ತಂತ್ರಾಂಶದಲ್ಲಿ ಯಾರು ಏನೇ ಬದಲಾವಣೆ ಮಾಡಲಿ, ಅದು ಎಲ್ಲರಿಗೂ ಹೋಗುವ ಮೊದಲು ಶನಿವಾರ ಆ ಕೈಯವರ ಮನೆಗೆ ಹೋಗಿ, ಕಂಠಮಟ ತುಂಬಿದ ಲೋಟ ಅವರ ಕೈಗೆ ಕೊಟ್ಟು, ಅವರು ಕುಡಿಯುವುದನ್ನು ಎದುರು ಕೂತು ನೋಡಬೇಕು. ಆಮೇಲೆ ಒಂದೇ ಮಾತು ಬರೆಯಬೇಕು: ಚೆಲ್ಲಲಿಲ್ಲ, ಅಥವಾ ಚೆಲ್ಲಿತು. ಮುನ್ನೂರರಲ್ಲಿ ಒಬ್ಬ ‘ಚೆಲ್ಲಿತು’ ಎಂದು ಬರೆದರೂ ಬದಲಾವಣೆ ನಿಲ್ಲುತ್ತಿತ್ತು. ಯಾಕೆ, ಏನು, ಸಾಕ್ಷಿ ತೋರಿಸು ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲ ಬಿಟ್ಟು ಆ ಕೈಯ ಹಿಂದೆ ಬೀಳುತ್ತಿದ್ದೆವು.

ಎರಡನೆಯದು, ನಮ್ಮ ಮನೆಯವರ ಕೈಯನ್ನು ನಾವು ನೋಡಿಕೊಳ್ಳುವಂತಿಲ್ಲ. ಮನೆಯವರು ಮನೆಯವರಿಗೆ ಸುಳ್ಳು ಹೇಳುತ್ತಾರೆ. ಅವರಿಗೆ ಬೇಜಾರಾದೀತೆಂದು ಇವರು ಮುಚ್ಚಿಡುತ್ತಾರೆ, ಇವರು ಚೆನ್ನಾಗಿರಲೆಂಬ ಆಸೆಗೆ ಅವರ ಕಣ್ಣಿಗೆ ಚೆಲ್ಲಿದ್ದೂ ಕಾಣುವುದಿಲ್ಲ. ಈ ಕಟ್ಟಳೆ ಮಾಡಿದವರು ಮೌಲಾಸಾಬ ಕಿತ್ತೂರ. ರೈಲ್ವೆ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುವ ಮನುಷ್ಯ. ಕಂಪ್ಯೂಟರನ್ನು ನಲವತ್ತು ದಾಟಿದ ಮೇಲೆ ತಾನಾಗಿ ಕಲಿತವರು, ನಮ್ಮೆಲ್ಲರಿಗಿಂತ ಚೆನ್ನಾಗಿ ಕಲಿತವರು. ಅವರ ಹೆಂಡತಿ ಜೈತುನ್‌ಬಿಗೂ ಅದೇ ಕಾಯಿಲೆ. ನನ್ನ ಅವ್ವನ ಕೈ ಅವರ ಪಾಲಿಗೆ ಬಂತು, ಜೈತುನ್‌ಬಿಯ ಕೈ ನನ್ನ ಪಾಲಿಗೆ.

ಶನಿವಾರ ಬಂತೆಂದರೆ ನಾನು ಅತ್ತ ಅವರ ಮನೆಗೆ ಹೊರಡುವ ಹೊತ್ತಿಗೆ ಅವರು ಇತ್ತ ನಮ್ಮ ಮನೆಗೆ ಬರುತ್ತಿದ್ದರು. ಅವ್ವ ಬೇಕೆಂದೇ ಲೋಟವನ್ನು ಇನ್ನಷ್ಟು ತುಂಬಿಸುತ್ತಿದ್ದಳು.

“ಏನ್ ಮೌಲಾ, ಇವತ್ತೂ ಸೋಲಸಾಕ ಬಂದಿ?”

“ನಿಮ್ಮನ್ನ ಸೋಲಸೂದು ನನ್ನಪ್ಪನ ಕಡಿಂದನೂ ಆಗೂದಿಲ್ಲ ಅಕ್ಕಾರ. ಕುಡೀರಿ, ನೋಡ್ತೀನಿ.”

ಲೋಟ ಖಾಲಿಯಾದ ಮೇಲೂ ಅವರು ಒಂದು ತಾಸು ಕೂರುತ್ತಿದ್ದರು. ವರ್ಕ್‌ಶಾಪಿನ ಕಥೆ, ಲಸಿಕೆ ಹಾಕಲು ಹಳ್ಳಿ ಹಳ್ಳಿ ತಿರುಗಿದ ಅವ್ವನ ಕಥೆ. ಆ ಹರಟೆಯಲ್ಲೇ ಅವರು ಅವ್ವನ ಹೆಬ್ಬೆರಳು ಯಾವ ಮಾತಿಗೆ ಹೇಗೆ ಆಡುತ್ತದೆ ಎಂದು ಕಂಡುಕೊಂಡು, ಸಂಜೆ ಮನೆಗೆ ಹೋಗಿ ಫೈಲು ತಿದ್ದುತ್ತಿದ್ದರು. ನಾನೂ ಜೈತುನ್‌ಬಿಯ ಎದುರು ಹಾಗೇ ಕೂತು ಕಲಿತೆ. ಆಕೆ ಮಾತು ಕಡಿಮೆ. ಲೋಟ ಖಾಲಿ ಮಾಡಿ ಮಗುಚಿ ತೋರಿಸಿ ನಗುವುದೊಂದೇ ಆಕೆಯ ಮಾತು.

ಆಮೇಲೆ ದುಡ್ಡು ಬಂತು. ಕೆಟ್ಟ ದಾರಿಯಿಂದ ಬಂದದ್ದಲ್ಲ, ಕೆಟ್ಟ ಮನಸ್ಸಿನಿಂದ ಕೊಟ್ಟದ್ದೂ ಅಲ್ಲ. ಹೊರದೇಶದ ಒಂದು ದತ್ತಿ ಸಂಸ್ಥೆ ನಮ್ಮ ಕೆಲಸ ಮೆಚ್ಚಿ ಮೂರು ವರ್ಷಕ್ಕೆ ನೆರವು ಕೊಟ್ಟಿತು. ಏಳು ಜನರನ್ನು ಸಂಬಳಕ್ಕೆ ತೆಗೆದುಕೊಳ್ಳಬಹುದು, ಮೂರು ವರ್ಷದಲ್ಲಿ ನಾಲ್ಕು ಸಾವಿರ ಕೈಗಳಿಗೆ ಕೈಗವಸು ಮುಟ್ಟಿಸಬೇಕು. ಮೌಲಾಸಾಬರನ್ನು ಮೊದಲು ಕೇಳಿದೆವು. ಅವರಿಗೆ ನಿವೃತ್ತಿಗೆ ನಾಲ್ಕು ವರ್ಷ ಬಾಕಿ ಇತ್ತು, ಅಷ್ಟು ವರ್ಷದ ನೌಕರಿ ಬಿಡುವ ಹಾಗಿರಲಿಲ್ಲ.

“ನೀ ಸೇರ್ಕೋ ತಂಗಿ,” ಎಂದರು. “ಒಳಗ ನಮ್ಮವರು ಅಂತ ಒಬ್ಬರರ ಇರಬೇಕು.”

ಹೀಗೆ ಶಾಂಭವಿ ಮುಳಗುಂದ ಎಂಬ ನಾನು ಸಂಯೋಜಕಿಯಾದೆ. ಒಳಗೆ ಹೋದೆ. ಅವರವಳಾಗಿ ಉಳಿದೆನೇ ಎಂಬುದನ್ನು ಮುಂದೆ ಓದಿ ನೀವೇ ಹೇಳಿ.

ಕೋಣೆ ಎರಡಿದ್ದದ್ದು ಆರಾಯಿತು. ಗೋಡೆಗೆ ದೊಡ್ಡ ಪರದೆ ಬಂತು, ಅದರ ಮೇಲೆ ಅಂಕಿ ಸಂಖ್ಯೆ ಓಡಾಡತೊಡಗಿದವು. ಸಂಬಳದವರು ಏಳು ಜನ ಸೋಮವಾರದಿಂದ ಶುಕ್ರವಾರದ ತನಕ ಹತ್ತರಿಂದ ಆರರವರೆಗೆ ಒಟ್ಟಿಗೆ ಕೂರುತ್ತಿದ್ದೆವು. ಸ್ವಯಂಸೇವಕರು ಬರುವುದು ಶನಿವಾರ. ನಾವು ಬುಧವಾರ ಡಬ್ಬಿ ಬಿಚ್ಚಿ ಊಟಕ್ಕೆ ಕೂತಾಗ ಮಾತಾಡಿ ಮುಗಿಸಿದ್ದು ಅವರಿಗೆ ಶನಿವಾರ ಬರೀ ಸುದ್ದಿಯಾಗಿ ಮುಟ್ಟುತ್ತಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಎದುರು ಕೂತವನ ಜೊತೆ ಮಾತಾಡುತ್ತೇವೆ, ದೂರದವನಿಗೆ ಕಾಗದ ಬರೆಯುತ್ತೇವೆ, ಕ್ರಮೇಣ ಕಾಗದವೂ ಚಿಕ್ಕದಾಗುತ್ತದೆ.

ನಮ್ಮ ತಂಡದಲ್ಲಿ ಪ್ರಣೀತ್ ಎಂಬ ಮೈಸೂರಿನ ಹುಡುಗ ಇದ್ದ. ಬುದ್ಧಿವಂತ, ಒಳ್ಳೆಯವನು, ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಅವನು ಕಬ್ಬಿಣದ ಕೈಗಳನ್ನು ಮಾಡಿದ. ನಮ್ಮಲ್ಲಿದ್ದ ಹಳೆಯ ನಡುಕದ ದಾಖಲೆಗಳನ್ನೆಲ್ಲ ಅವುಗಳಿಗೆ ಊಡಿಸಿದ. ಉದ್ದನೆಯ ಮೇಜಿನ ಮೇಲೆ ನಲವತ್ತು ಕಬ್ಬಿಣದ ಕೈಗಳು, ಒಂದೊಂದರಲ್ಲೂ ನೀರು ತುಂಬಿದ ಸ್ಟೀಲ್ ಲೋಟ. ಗುಂಡಿ ಒತ್ತಿದರೆ ನಲವತ್ತೂ ನಡುಗುತ್ತಿದ್ದವು. ಕೈಗವಸು ತೊಡಿಸಿ ಮತ್ತೆ ಒತ್ತಿದರೆ ನಿಲ್ಲುತ್ತಿದ್ದವು. ಸರದಿಯ ಮೇಲೆ ಎಲ್ಲ ದಾಖಲೆಗಳನ್ನೂ ಹಾಯಿಸಿ ನೋಡಲು ನಲವತ್ತು ನಿಮಿಷ ಸಾಕು.

“ಮ್ಯಾಮ್, ಸ್ವಯಂಸೇವಕರಿಂದ ಉತ್ತರ ಬರೋದಕ್ಕೆ ಮೂರು ವಾರ ಬೇಕು,” ಎಂದ. “ಇವರು ಮದುವೆಗೆ ಹೋಗಿರ್ತಾರೆ, ಅವರಿಗೆ ಜ್ವರ. ಒಬ್ಬರು ತಡ ಮಾಡಿದ್ರೆ ಸಾವಿರ ಜನ ಕಾಯ್ಬೇಕು. ಕಾಯೋ ಸಾವಿರ ಜನಕ್ಕೂ ಕೈ ಇದೆ ಅಲ್ವಾ?”

ಈ ಮಾತು ನನಗೆ ನ್ಯಾಯವೆನ್ನಿಸಿತು. ಇವತ್ತಿಗೂ ಪೂರ್ತಿ ತಪ್ಪೆನ್ನಲಾರೆ. ಲೋಟದ ಪರೀಕ್ಷೆ ಇನ್ನು ಮುಂದೆ ಕಡ್ಡಾಯವಲ್ಲ ಎಂದು ನಾನೇ ಪ್ರಕಟಣೆ ಬರೆದೆ. ಸ್ವಯಂಸೇವಕರ ಇಷ್ಟು ವರ್ಷದ ಸೇವೆಗೆ ಅದರಲ್ಲಿ ಮೂರು ಸಲ ಧನ್ಯವಾದ ಹೇಳಿದ್ದೆ.

ಮೌಲಾಸಾಬರು ಶನಿವಾರ ಬಂದು ಮೇಜಿನ ಸುತ್ತ ಒಂದು ಸುತ್ತು ಹಾಕಿದರು. ಲೇತಿನವರು ನೋಡುವಂತೆ ಒಂದೊಂದು ಕೀಲನ್ನೂ ಮುಟ್ಟಿ ನೋಡಿದರು. ಪ್ರಣೀತನ ಬೆನ್ನು ತಟ್ಟಿ, “ಭಾರಿ ಚಲೋ ಮಾಡೀಯಪಾ,” ಎಂದರು. ಅದು ಮನಸಾರೆ ಹೇಳಿದ ಮಾತೇ. ಆಮೇಲೆ ನನ್ನ ಕಡೆ ತಿರುಗಿದರು.

“ಆದರ ಇವಕ್ಕ ವಯಸ್ಸು ಆಗೂದಿಲ್ಲಲ್ಲ ಮೇಡಂ. ನಿಮ್ಮ ಅವ್ವಾರ ಕೈ ಹೋದ ವರ್ಷದ ಕೈ ಅಲ್ಲ. ಇಲ್ಲಿ ಹೋದ ವರ್ಷದ್ದ ಕುಂತೈತಿ.”

ಅವರು ನನ್ನನ್ನು ಮೇಡಂ ಎಂದದ್ದು ಅವತ್ತೇ ಮೊದಲು. ತಮಾಷೆಗೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಜೈತುನ್‌ಬಿಯ ಮನೆಗೆ ಹೋಗುವುದನ್ನು ನಾನು ಯಾವ ವಾರ ಬಿಟ್ಟೆ ಎಂದು ಕೇಳಿದರೆ ನಿಖರವಾಗಿ ಹೇಳಲಾರೆ. ಮೊದಲು ಒಂದು ಶನಿವಾರ ವರದಿ ಬರೆಯುವುದಿತ್ತು. ಮುಂದಿನದಕ್ಕೆ ದತ್ತಿ ಸಂಸ್ಥೆಯವರು ಬಂದರು. ವಾರವೆಲ್ಲ ಕೈಗಳ ಕೆಲಸವನ್ನೇ ಮಾಡುತ್ತೇನಲ್ಲ, ಶನಿವಾರವಾದರೂ ಸುಧಾರಿಸಿಕೊಳ್ಳುತ್ತೇನೆ ಎಂದು ಆಮೇಲೆ ಅನ್ನಿಸತೊಡಗಿತು. ಸಂಬಳ ಬರುವ ಕೆಲಸಕ್ಕೆ ರಜೆ ಎಂಬುದೊಂದು ಇರುತ್ತದೆ. ಮೌಲಾಸಾಬರ ಕೆಲಸಕ್ಕೆ ಸಂಬಳವೂ ಇರಲಿಲ್ಲ, ರಜೆಯೂ ಇರಲಿಲ್ಲ. ಅವರು ಕಡ್ಡಾಯವಲ್ಲದಿದ್ದರೂ ಪ್ರತಿ ಶನಿವಾರ ಅವ್ವನ ಎದುರು ಬಂದು ಕೂರುತ್ತಿದ್ದರು. ಜೈತುನ್‌ಬಿಯ ಎದುರು ಕೂರಲು ಮಾತ್ರ ಯಾರೂ ಇರಲಿಲ್ಲ. ಆಕೆಯ ಫೈಲು ಕಬ್ಬಿಣದ ಕೈಗಳ ಪಾಲಾಗಿತ್ತು.

ಸ್ವಯಂಸೇವಕರು ಒಬ್ಬೊಬ್ಬರಾಗಿ ಕಡಿಮೆಯಾಗತೊಡಗಿದಾಗ ನನಗೆ ಗಾಬರಿಯಾಯಿತು. ಪುಕ್ಕಟೆ ದುಡಿಸಿಕೊಳ್ಳುತ್ತಿದ್ದೇವಲ್ಲ, ಅದಕ್ಕೇ ಬೇಸರ ಇರಬೇಕು ಎಂದುಕೊಂಡೆ. ಭೇಟಿಗೆ ಇಷ್ಟು ಎಂದು ಗೌರವಧನ ಗೊತ್ತುಮಾಡಿದೆ. ಗೌರವಧನ ಎಂದ ಮೇಲೆ ಒಂದು ನಮೂನೆ ಬೇಕು, ನೋಂದಣಿ ಬೇಕು, ಭೇಟಿಗೊಂದು ಸಂಖ್ಯೆ ಬೇಕು, ಕೈಯವರ ಸಹಿಯೂ ಬೇಕು. ನ್ಯಾಯವಾದದ್ದೇ ಮಾಡುತ್ತಿದ್ದೇನೆ ಎಂಬ ಹುಮ್ಮಸ್ಸಿನಲ್ಲಿದ್ದೆ.

ಮೌಲಾಸಾಬರು ಆ ನಮೂನೆ ತುಂಬಲಿಲ್ಲ. ಅವರಿಗೆ ಗೊತ್ತಾಗಿಲ್ಲವೇನೋ ಎಂದುಕೊಂಡು ನಾನೇ ತುಂಬಿ, ಸಹಿ ಮಾಡೆಂದು ಅವ್ವನ ಹತ್ತಿರ ಕೊಟ್ಟಿಟ್ಟೆ. ಆ ಶನಿವಾರ ಅವ್ವ ಕನ್ನಡಕ ಏರಿಸಿ ಅದನ್ನು ಪೂರ್ತಿ ಓದಿದಳು. ಸರ್ಕಾರಿ ನೌಕರಿ ಮಾಡಿದವಳು, ಕಾಗದ ಓದದೆ ಸಹಿ ಹಾಕುವವಳಲ್ಲ.

“ಸೇವೆ ಪಡೆದವರ ಸಹಿ ಅಂತ ಐತಿ,” ಎಂದಳು ಅವರನ್ನೇ ನೋಡುತ್ತ. “ನೀ ನನ್ನ ನೋಡಾಕ ಬರ್ತಿದ್ದಿ ಅಂದ್ಕೊಂಡಿದ್ದೆ ಮೌಲಾ. ಸೇವಾ ಮಾಡಾಕ ಬರ್ತಿದ್ದೇನು?”

“ಅದು ನಂದಲ್ಲರೀ ಅಕ್ಕಾರ,” ಎಂದರು ಮೌಲಾಸಾಬರು. ಅವರ ಮುಖ ಸಣ್ಣಗಾದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟರು. ಲೋಟ ನೋಡಿದರು, ಮಾತಾಡಿದರು, ಅವತ್ತು ಬೇಗ ಎದ್ದರು. ಆಮೇಲೆ ಇನ್ನೆರಡು ಶನಿವಾರ ಬಂದರು. ಮೂರನೆಯದಕ್ಕೆ ಬರಲಿಲ್ಲ.

ನೋಂದಣಿ ಇಲ್ಲದವರು ಬರೆದದ್ದು ಆ ಹೊತ್ತಿಗೆ ನಮ್ಮ ಪರದೆಯ ಮೇಲೆ ಬರುವುದು ನಿಂತಿತ್ತು. ದಿನಕ್ಕೆ ನೂರಾರು ದೂರು ಬರುತ್ತಿದ್ದವು, ಎಲ್ಲ ಓದಲು ಏಳು ಜನರಿಗೆ ಆಗುವ ಮಾತಲ್ಲ. ಅದಕ್ಕೆ ಒಂದು ಯಂತ್ರ ಇಟ್ಟಿದ್ದೆವು. ಭೇಟಿಯ ಸಂಖ್ಯೆ ಮತ್ತು ಕೈಗವಸಿನ ದಾಖಲೆ ಇಲ್ಲದ ದೂರಿಗೆ ಅದು ವಿವರ ಕೇಳುತ್ತಿತ್ತು. ಮೂವತ್ತು ದಿನದೊಳಗೆ ಬಾರದಿದ್ದರೆ ಮುಚ್ಚುತ್ತಿತ್ತು. ಪ್ರತಿ ಸೋಮವಾರ ಪರದೆಯ ಮೇಲೆ ‘ಮುಕ್ತಾಯವಾದ ದೂರುಗಳು’ ಎಂಬ ಅಂಕಿ ಏರುವುದನ್ನು ನೋಡಿ ನಾವು ಏಳೂ ಜನ ಚಪ್ಪಾಳೆ ಹೊಡೆಯುತ್ತಿದ್ದೆವು.

ಮೌಲಾಸಾಬರು ಬಾರದೆ ಹೋದ ಮೇಲೆ ಅವ್ವನ ಭೇಟಿಯ ಜಾಗ ಖಾಲಿ ಉಳಿಯಿತು. ಖಾಲಿ ಬಿಟ್ಟರೆ ಪರದೆಯ ಮೇಲೆ ಕೆಂಪು ಬಣ್ಣ ಬರುತ್ತದೆ. ಸಂಯೋಜಕಿಯ ಸ್ವಂತ ಮನೆಯೇ ಕೆಂಪಾದರೆ ಹೇಗೆ? ನಾನೇ ‘ಚೆಲ್ಲಲಿಲ್ಲ’ ಎಂದು ತುಂಬತೊಡಗಿದೆ. ಸುಳ್ಳು ಬರೆಯಲಿಲ್ಲ. ನಿಜವಾಗಿ ನೋಡಿಯೇ ಬರೆಯುತ್ತಿದ್ದೆ. ನನ್ನ ಎದುರು ಅವ್ವ ಯಾವತ್ತೂ ಚೆಲ್ಲಲಿಲ್ಲ.

“ಅರ್ಧ ಲೋಟ ಸಾಕವಾ,” ಎನ್ನತೊಡಗಿದ್ದಳು. “ಈ ವಯಸ್ಸಿಗೆ ಇಡೀ ಲೋಟ ಚಹಾ ಯಾರಿಗೆ ಬೇಕು.”

ಆಮೇಲೆ ನಾನು ಕಚೇರಿಗೆ ಹೋದ ಮೇಲೆ ಉಣ್ಣುತ್ತೇನೆ ಎನ್ನತೊಡಗಿದಳು. ಆಮೇಲೆ ಸೀರೆಯ ಮುಂಭಾಗದಲ್ಲಿ ಸದಾ ಒಂದು ಟವೆಲ್ ಇರತೊಡಗಿತು. ಕೇಳಿದರೆ ಸೆಕೆ ಎಂದಳು. ನಾಲ್ಕು ಸಾವಿರ ಕೈಗಳ ಅಂಕಿ ಅಂಶ ಬಾಯಿಪಾಠ ಇದ್ದ ನನಗೆ ಮನೆಯ ಟವೆಲ್ ಅರ್ಥವಾಗಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಪರ್ಸ್ ಮರೆತು ಬಂದಿದ್ದೇನೆಂದು ಅರ್ಧ ದಾರಿಯಿಂದ ತಿರುಗಿ ಬಂದೆ. ಅವ್ವ ಅಡುಗೆಮನೆಯ ಕಟ್ಟೆಯ ಎದುರು ನಿಂತಿದ್ದಳು. ಕೈಗವಸು ಬಿಚ್ಚಿ ಬದಿಗಿಟ್ಟಿದ್ದಳು. ಎರಡೂ ಕೈಯನ್ನು ಬೆನ್ನ ಹಿಂದೆ ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಂಡಿದ್ದಳು. ಕಟ್ಟೆಯ ಮೇಲಿದ್ದ ತಾಟಿಗೆ ಬಗ್ಗಿ, ಕಲಸಿದ ಅನ್ನಕ್ಕೆ ನೇರವಾಗಿ ಬಾಯಿ ಹಾಕಿ ಉಣ್ಣುತ್ತಿದ್ದಳು.

ನಾನು ಬಂದದ್ದು ಕಂಡು ನೆಟ್ಟಗಾದಳು. ಗಲ್ಲಕ್ಕೆ, ಮೂಗಿನ ತುದಿಗೆ ಅನ್ನ ಅಂಟಿತ್ತು. ಅದನ್ನು ಒರೆಸಿಕೊಳ್ಳಲು ಕೈ ಎತ್ತಲು ಹೋಗಿ ನಿಲ್ಲಿಸಿದಳು.

“ಯಾವಾಗಿನಿಂದ?” ಎಂದೆ.

“ಈಗ ಆರು ತಿಂಗಳಾತು. ನೀವೆಲ್ಲಾ ಅಷ್ಟ ಕಷ್ಟಪಟ್ಟು ಮಾಡೀರಿ. ಕೆಟ್ಟೈತಿ ಅಂತ ಹ್ಯಾಂಗ ಹೇಳ್ಲಿ?”

ಅವತ್ತು ಅವ್ವನ ಕೈಗವಸನ್ನು ಕಚೇರಿಗೆ ಒಯ್ದು ಅದರೊಳಗಿನ ಕಚ್ಚಾ ದಾಖಲೆ ಬಿಚ್ಚಿದೆ. ಪ್ರಣೀತ್ ಪಕ್ಕದಲ್ಲಿ ಕೂತಿದ್ದ. ಅವ್ವನ ನಡುಕ ನಿಧಾನವಾಗಿತ್ತು, ಹೆಬ್ಬೆರಳಿನಿಂದ ಮಣಿಕಟ್ಟಿಗೆ ಇಳಿದಿತ್ತು. ಕೈಗವಸು ಇನ್ನೂ ಹಳೆಯ ನಡುಕಕ್ಕೆ ಎದುರಾಗಿ ಎಳೆಯುತ್ತಿತ್ತು. ಅಂದರೆ ಆರು ತಿಂಗಳಿನಿಂದ ನಮ್ಮ ಕೈಗವಸೇ ಅವ್ವನ ಕೈಯನ್ನು ನಡುಗಿಸುತ್ತಿತ್ತು. ಪಕ್ಕದ ಮೇಜಿನ ಮೇಲೆ ನಲವತ್ತು ಕಬ್ಬಿಣದ ಕೈಗಳು ಒಂದು ಹನಿಯೂ ಚೆಲ್ಲದೆ ನಿಂತಿದ್ದವು.

“ಮ್ಯಾಮ್, ಇದು ನಮ್ಮ ಒಬ್ಬರ ಮನೆ ಕಥೆ ಆಗಿರೋಕೆ ಸಾಧ್ಯವೇ ಇಲ್ಲ,” ಎಂದ ಪ್ರಣೀತ್. ಅವನ ದನಿ ಒಡೆದಿತ್ತು.

ಮುಚ್ಚಿದ ದೂರುಗಳಲ್ಲಿ ‘ಚೆಲ್ಲಿತು’ ಎಂಬ ಮಾತನ್ನು ಹುಡುಕಿದೆ. ಅರವತ್ತಮೂರು ಸಿಕ್ಕವು. ಎಲ್ಲವೂ ಹಳೆಯ ಸ್ವಯಂಸೇವಕರು ಬರೆದವು, ಎಲ್ಲವೂ ಒಂದೇ ಮಾತಿನವು. ಎಲ್ಲಕ್ಕಿಂತ ಮೊದಲಿನದು ಎಂಟು ತಿಂಗಳ ಹಿಂದಿನದು, ಮೌಲಾಸಾಬರದು. ಕೈಯವರ ಹೆಸರು ಜೈತುನ್‌ಬಿ ಕಿತ್ತೂರ. ಕೆಳಗೆ ಯಂತ್ರದ ಉತ್ತರ: “ಭೇಟಿಯ ಸಂಖ್ಯೆ ಇಲ್ಲ. ದಾಖಲೆ ಲಗತ್ತಿಸಿಲ್ಲ. ಮೂವತ್ತು ದಿನದೊಳಗೆ ವಿವರ ಬಾರದ ಕಾರಣ ಮುಕ್ತಾಯಗೊಳಿಸಲಾಗಿದೆ. ನಿಮ್ಮ ಕೊಡುಗೆಗೆ ಧನ್ಯವಾದಗಳು.”

ಆ ವಾಕ್ಯಗಳನ್ನು ಯಂತ್ರಕ್ಕೆ ಬರೆದುಕೊಟ್ಟವಳು ನಾನು. ಧನ್ಯವಾದಗಳು ಎಂಬುದನ್ನು ಸೇರಿಸಿದರೆ ಮರ್ಯಾದೆಯಾಗಿರುತ್ತದೆ ಎಂದು ಹಟ ಹಿಡಿದು ಸೇರಿಸಿದ್ದೆ.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಒಂದೂವರೆ ವರ್ಷದ ಮೇಲೆ. ಮೌಲಾಸಾಬರು ಬಾಗಿಲು ತೆಗೆದು, “ಬರ್ರಿ, ಕುಂದರ್ರಿ,” ಎಂದರು. ಜೈತುನ್‌ಬಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅರ್ಧದಷ್ಟಾಗಿದ್ದಳು. ಎರಡೂ ಕೈ ಎದೆಯ ಹತ್ತಿರ ಮಡಚಿಕೊಂಡು, ಬೆರಳು ಒಳಮುಖವಾಗಿ ಸೆಟೆದಿದ್ದವು. ನಡುಗುತ್ತಿರಲಿಲ್ಲ. ನನಗೆ ಅಲ್ಲೇ ಗೊತ್ತಾಯಿತು. ನಡುಗದ ಕೈ ನೋಡಿ ಅಷ್ಟು ಹೆದರಿಕೆಯಾದದ್ದು ಅವತ್ತೇ.

“ಒಂದು ಫೋನ್ ಮಾಡಬಾರದಿತ್ತಾ ಅಣ್ಣಾ?” ಎಂದೆ. ತಪ್ಪಿತಸ್ಥರು ಮೊದಲು ಹೊರಡಿಸುವ ಮಾತು ಇಂಥದ್ದೇ.

“ಬರದಿದ್ನಲ್ಲ,” ಎಂದರು. “ಮೊದಲ ಆ ಒಂದು ಮಾತು ಬರದ್ರ ಎಲ್ಲಾರೂ ಓಡಿ ಬರ್ತಿದ್ದಿರಿ. ಒಂದು ತಿಂಗಳ ದಾರಿ ನೋಡಿದೆ. ಆಮ್ಯಾಲೆ ಧನ್ಯವಾದ ಅಂತ ಬಂತು. ಮುಗೀತು ಅಂದ್ಕೊಂಡೆ.”

“ನೀವೇ ತಿದ್ದಬಹುದಿತ್ತು. ನಿಮಗೆ ಹತ್ತು ನಿಮಿಷದ ಕೆಲಸ.”

“ತಿದ್ದಾಕ ಕುಂತಿದ್ದೆ. ಎರಡು ಸಲ ತಿದ್ದಿದೆ. ಹ್ಯಾಂಗೈತಿ ಅಂತ ಕೇಳಿದ್ರ ಇಕಿ ಚಲೋ ಐತಿ ಅಂದ್ಲು. ನನ್ನ ಕಣ್ಣಿಗೂ ಚಲೋನ ಕಾಣ್ತು.” ಅವರು ಹೆಂಡತಿಯ ಕಡೆ ನೋಡಿದರು. “ನಾ ಡ್ಯೂಟಿಗೆ ಹೋದ ಮ್ಯಾಲೆ ಇಕಿ ಉಣ್ಣೂದ ಬಿಟ್ಟಿದ್ಲು. ಚೆಲ್ಲಿದ್ದು ಸಿಕ್ಕರ ನನಗ ಬ್ಯಾಸರ ಆಗ್ತೈತಿ ಅಂತ. ನಮ್ಮ ಕೂಡ ಲೋಟ ನೋಡ್ತಿದ್ದ ಗದಗದ ಹುಡುಗನ್ನ ಬಾ ಅಂತ ಕರದೆ, ನೋಡಾಕ. ಅಂವಾ ಈ ಕೆಲಸಾನ ಬಿಟ್ಟೇನಿ ಅಂದ. ಬ್ಯಾರೆ ಯಾರೂ ಉಳದಿರಲಿಲ್ಲ.”

ಎಂಟು ತಿಂಗಳು. ಆಕೆಯ ಕೈಗೆ ಉಳಿದಿದ್ದ ಕಡೆಯ ಎಂಟು ತಿಂಗಳು ಅವು. ವಾರಕ್ಕೊಮ್ಮೆ ಯಾರಾದರೂ ಹೊರಗಿನವರು ಎದುರು ಕೂತು ನೋಡಿದ್ದರೆ ಆಕೆ ಅಷ್ಟೂ ದಿನ ತನ್ನ ಕೈಯಿಂದ ಉಣ್ಣುತ್ತಿದ್ದಳು. ಆ ಹೊರಗಿನವಳು ನಾನಾಗಿದ್ದೆ. ಇದನ್ನು ನನ್ನ ಬಾಯಿಂದಲೇ ಅವರಿಗೆ ಹೇಳಿದೆ, ಅತ್ತೆ. ಮೌಲಾಸಾಬರು ಎದ್ದು ಹೆಂಡತಿಯ ಹೊದಿಕೆ ಸರಿಮಾಡಿದರು. 

ಅವ್ವನ ವಿಷಯ ನಾನು ಎತ್ತಿರಲಿಲ್ಲ. ಎತ್ತುವ ಮುಖ ಇರಲಿಲ್ಲ. ಹೊರಡುವಾಗ ಅವರೇ ಕೇಳಿದರು. ತಾಟಿನ ಸಂಗತಿ ಹೇಳಿದೆ. ಅವರು ಚಪ್ಪಲಿ ಮೆಟ್ಟಿದರು.

“ನೀವು ಇಲ್ಲೇ ಇರ್ರಿ. ಇಕಿ ಊಟ ಆಗಿಲ್ಲ. ನಾ ಅಕ್ಕಾರನ್ನ ನೋಡಿ ಬರ್ತೀನಿ.”

ಆ ಶನಿವಾರ ಅವರು ನಮ್ಮ ಮನೆಯಲ್ಲಿ ಐದು ತಾಸು ಕೂತರು ಎಂದು ಅವ್ವ ಆಮೇಲೆ ಹೇಳಿದಳು. ನಾಲ್ಕು ವಾರದಲ್ಲಿ ಅವ್ವನ ಫೈಲು ಸರಿಯಾಯಿತು. ಅವಳ ಕೈಗೆ ಇನ್ನೊಂದು ವರ್ಷವಾದರೂ ಇದೆ ಎನ್ನುತ್ತಾರೆ ಡಾಕ್ಟರು. ಈಗ ಮತ್ತೆ ನನ್ನ ಎದುರೇ ಉಣ್ಣುತ್ತಾಳೆ, ತಾಟು ತೊಳೆದಿಡುತ್ತಾಳೆ. ಪ್ರತಿ ಸಲ ಆ ತಾಟು ನೋಡಿದಾಗ ನನಗೆ ಸಂತೋಷವಾಗುತ್ತದೆ, ಸಂತೋಷವಾದದ್ದಕ್ಕೆ ನಾಚಿಕೆಯೂ ಆಗುತ್ತದೆ.

ಕಬ್ಬಿಣದ ಕೈಗಳಿಗೆ ಹೊಸ ದಾಖಲೆ ಬೇಕೆಂದರೆ ನಾಲ್ಕು ಸಾವಿರ ಮನೆಗಳಲ್ಲಿ ಯಾರಾದರೂ ಹೋಗಿ ಕೂರಬೇಕಿತ್ತು. ಹಳೆಯ ಮುನ್ನೂರು ಜನರಿಗೂ ಕಾಗದ ಬರೆದೆ. ಈ ಸಲ ಯಂತ್ರದಿಂದಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ ನಾನೇ ಬರೆದೆ. ಹನ್ನೊಂದು ಜನ ಬರುತ್ತೇವೆಂದರು. ಕೆಲವರು ಮರ್ಯಾದೆಯಿಂದ ಆಗುವುದಿಲ್ಲ ಎಂದರು. ಬಹಳ ಜನ ಉತ್ತರ ಬರೆಯಲಿಲ್ಲ. ಅಷ್ಟರಲ್ಲಿ ಮೂರು ವರ್ಷ ಮುಗಿಯಿತು. ದತ್ತಿ ಸಂಸ್ಥೆ ತನ್ನ ಮಾತಿನಂತೆ ಕೊಟ್ಟು, ಮಾತಿನಂತೆ ನಿಲ್ಲಿಸಿತು. ಆರು ಜನ ಬೇರೆ ನೌಕರಿಗೆ ಹೋದರು. ಪ್ರಣೀತ್ ಹೋಗುವಾಗ ತನ್ನ ಪಾಲಿಗೂ ಒಂದು ಕೈ ಕೊಡಿ ಎಂದು ಮೈಸೂರಿನ ಒಂದು ವಿಳಾಸ ಬರೆದುಕೊಂಡು ಹೋದ. ಆ ಹನ್ನೊಂದು ಜನ, ಮೌಲಾಸಾಬರು, ಪ್ರಣೀತ್, ನಾನು, ಒಟ್ಟು ಹದಿನಾಲ್ಕು ಜನ ಇದ್ದೇವೆ. ಸಾವಿರಾರು ಕೈಗವಸುಗಳು ಎಲ್ಲೆಲ್ಲೋ ಮಡಚಿ ಕಪಾಟು ಸೇರಿವೆ.

ನಾನು ಒಂದು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಶನಿವಾರ ಜೈತುನ್‌ಬಿಯ ಮನೆಗೆ ಹೋಗುತ್ತೇನೆ. ಅಲ್ಲಿ ತಿದ್ದಲು ಏನೂ ಇಲ್ಲ. ಮೌಲಾಸಾಬರು ನಮ್ಮ ಮನೆಗೆ ಹೋದ ಹೊತ್ತಿನಲ್ಲಿ ಆಕೆಗೆ ಉಣಿಸುವುದಷ್ಟೇ ನನ್ನ ಕೆಲಸ. ಮೊದಮೊದಲು ಆಕೆ ನನ್ನ ಕೈಯಿಂದ ಉಣ್ಣಲು ಒಪ್ಪಲಿಲ್ಲ, ಗೋಡೆಯ ಕಡೆ ತಿರುಗುತ್ತಿದ್ದಳು. ಗಂಡ ಬರುವ ತನಕ ಹಸಿದಿರುತ್ತಿದ್ದಳು. ಮೂರು ಶನಿವಾರ ನಾನು ತಾಟು ಹಿಡಿದುಕೊಂಡು ಸುಮ್ಮನೆ ಕೂತೆ.

ನಾಲ್ಕನೆಯ ಶನಿವಾರ ಆಕೆಯೇ ಮಾತಾಡಿದಳು. ದನಿಯೂ ಈಗ ಸಣ್ಣ, ಹತ್ತಿರ ಬಗ್ಗಬೇಕು.

“ನಿನ್ನ ಪಗಾರ ನಿಂತೈತಂತ?”

“ಹೌದು ಭಾಬಿ.”

“ಮತ್ತ ಯಾಕ ಬರ್ತಿ?”

  ರೊಟ್ಟಿಯ ಚೂರನ್ನು ಪಲ್ಯದ ರಸದಲ್ಲಿ ನೆನೆಸಿ ಮೆತ್ತಗೆ ಮಾಡಿ, ತುಟಿಯ ಹತ್ತಿರ ಹಿಡಿದೆ. ನನ್ನ ಕೈ ಸ್ವಲ್ಪ ನಡುಗುತ್ತಿತ್ತು. ಜೈತುನ್‌ಬಿ ಅದನ್ನೇ ಕೆಲಹೊತ್ತು ನೋಡಿದಳು. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬಾಯಿ ತೆರೆದಳು.